ಡಿಗ್ರಿ ಮುಗಿದ ಮಕ್ಕಳಿಗೆ ಇಂಟರ್ನ್‌ಶಿಪ್: ಲಾವಣಿ ಹಿಡಿಯೋವಾಗಿನ ಲೆಕ್ಕ ಇಲ್ಲೂ ಇರಲಿ



ಪ್ರತಿ ವಾರ ಬೀಜ, ಗೊಬ್ಬರ, ಕೀಟ, ರೋಗದ ಮಾತು ಇದ್ದೇ ಇರುತ್ತದೆ. ಈ ವಾರ ಮನೆಯೊಳಗೆ ಹದಿನೈದು ವರ್ಷ ರೊಕ್ಕ ಹಾಕಿ ಬೆಳೆಸಿದ ಇನ್ನೊಂದು ಬೆಳೆಯ ಮಾತು. ಅದು ಮಕ್ಕಳ ಓದು. ಕಲಘಟಗಿ ತಾಲ್ಲೂಕಿನ ಮಿಶ್ರಿಕೋಟಿ ಇರಲಿ, ನವಲಗುಂದ, ಕುಂದಗೋಳ, ಅಣ್ಣಿಗೇರಿ ಕಡೆಯ ಹಳ್ಳಿಗಳಿರಲಿ, ಇವತ್ತು ಓಣಿಗೆ ನಾಲ್ಕೈದು ಮಂದಿ ಬಿಎ, ಬಿಕಾಂ, ಬಿಎಸ್ಸಿ ಮುಗಿಸಿದವರು ಸಿಗುತ್ತಾರೆ. ಫಲಿತಾಂಶ ಬಂದ ಮೇಲೆ ಅವರಿಗೆ ಮೊದಲು ಕಿವಿಗೆ ಬೀಳುವ ಮಾತು ನೌಕರಿ ಅಲ್ಲ, ಇಂಟರ್ನ್‌ಶಿಪ್. "ಆರು ತಿಂಗಳು ಇಂಟರ್ನ್ ಆಗಿ ಬನ್ನಿ, ಪಗಾರ ಇಲ್ಲ, ಸರ್ಟಿಫಿಕೇಟ್ ಕೊಡ್ತೇವಿ, ಚಲೋ ಮಾಡಿದ್ರ ನೌಕರಿನೂ ಸಿಗಬಹುದು" ಅಂತ ಬೆಂಗಳೂರು, ಪುಣೆ ಕಡೆಯಿಂದ ಫೋನ್ ಬರುತ್ತದೆ.

ಮನೆಯಲ್ಲಿ ತಂದೆ ಕೇಳುವ ಪ್ರಶ್ನೆ ಒಂದೇ: "ಪಗಾರ ಇಲ್ಲಂದ್ರ ಅದೆಂಥಾ ನೌಕರಿ ತಮ್ಮಾ?"

ಹುಡುಗರು ಇದನ್ನು ಕೇಳಿ ನಗುತ್ತಾರೆ, ಅಪ್ಪಗ ಈಗಿನ ಕಾಲ ಗೊತ್ತಿಲ್ಲ ಅನ್ನುತ್ತಾರೆ. ನನ್ನ ಅಭಿಪ್ರಾಯದಲ್ಲಿ ಆ ಪ್ರಶ್ನೆ ಸರಿಯಾಗೇ ಇದೆ. ಇಂಟರ್ನ್‌ಶಿಪ್ ಬೇಡ ಅಂತ ನಾನು ಹೇಳುತ್ತಿಲ್ಲ. ಓದು ಮುಗಿಸಿ ಮನೆಯಲ್ಲಿ ಕೂತು ಜಾಹೀರಾತು ಕಾಯುವುದಕ್ಕಿಂತ ಕೆಲಸಕ್ಕೆ ಕೈ ಹಚ್ಚುವುದು ಎಷ್ಟೋ ಮೇಲು. ಆದರೆ ಹೊಲ ಲಾವಣಿ ಹಿಡಿಯುವಾಗ ನಾವು ಎಷ್ಟು ವಿಚಾರ ಮಾಡುತ್ತೇವೆ ನೋಡ್ರಿ. ಮಣ್ಣು ಯಾವುದು, ನೀರು ಐತೋ ಇಲ್ಲೋ, ಚಕ್ಕಡಿ, ಟ್ರ್ಯಾಕ್ಟರ್ ಹೋಗುವ ದಾರಿ ಐತೋ ಇಲ್ಲೋ, ಎಷ್ಟು ವರ್ಷ, ಎಷ್ಟು ರೊಕ್ಕ ಅಂತ ಹತ್ತು ಮಾತು ಕೇಳುತ್ತೇವೆ. ಮಕ್ಕಳ ಒಂದು ವರ್ಷವನ್ನು ಯಾರದೋ ಕಚೇರಿಗೆ ಒಪ್ಪಿಸುವಾಗ ಒಂದು ಮಾತೂ ಕೇಳೋದಿಲ್ಲ. ಅದು ತಪ್ಪು.

ಹೆಸರು ಒಂದೇ, ಒಳಗಿನ ಸರಕು ಬೇರೆ

ಮೊದಲು ಮೂರು ಮಾತು ಬೇರೆ ಬೇರೆ ಮಾಡಿಕೊಳ್ಳೋಣ.

ಒಂದು, ಅಪ್ರೆಂಟಿಸ್. ಇದಕ್ಕೆ 1961ರ ಅಪ್ರೆಂಟಿಸ್ ಕಾಯ್ದೆ ಇದೆ. ಲಿಖಿತ ಒಪ್ಪಂದ ಆಗಬೇಕು, ಅದು ನೋಂದಣಿ ಆಗಬೇಕು, ಶಿಷ್ಯವೇತನ ಕೊಡಲೇಬೇಕು. 30 ಅಥವಾ ಹೆಚ್ಚು ಕೆಲಸಗಾರರಿರುವ ಸಂಸ್ಥೆ ತನ್ನ ಸಿಬ್ಬಂದಿಯ ಶೇ 2.5ರಿಂದ ಶೇ 15ರಷ್ಟು ಅಪ್ರೆಂಟಿಸ್‌ಗಳನ್ನು ತಗೊಳ್ಳಬೇಕು ಎಂಬ ನಿಯಮ ಇದೆ. 2019ರ ತಿದ್ದುಪಡಿಯಲ್ಲಿ ಪದವೀಧರ ಅಪ್ರೆಂಟಿಸ್‌ಗೆ ಕನಿಷ್ಠ ಶಿಷ್ಯವೇತನ ತಿಂಗಳಿಗೆ 9,000 ರೂಪಾಯಿ ಅಂತ ನಿಗದಿ ಆಯಿತು. ಇದನ್ನು ಶೇ 36ರಷ್ಟು ಏರಿಸಬೇಕು ಅಂತ 2025ರಲ್ಲಿ ಕೇಂದ್ರ ಅಪ್ರೆಂಟಿಸ್‌ಶಿಪ್ ಮಂಡಳಿ ಶಿಫಾರಸು ಮಾಡಿತು. ಇದು ಎಂಜಿನಿಯರ್‌ಗಳಿಗೆ ಮಾತ್ರ ಅನ್ನೋ ತಿಳಿವಳಿಕೆ ಹಳೇದು. ಬಿಎ, ಬಿಕಾಂ, ಬಿಎಸ್ಸಿ ಮುಗಿಸಿದವರೂ ಸೇರಬಹುದು.

ಎರಡು, ಸರ್ಕಾರಿ ಯೋಜನೆಯ ಇಂಟರ್ನ್‌ಶಿಪ್. ಇದರ ಮಾತು ಮುಂದೆ ಬರುತ್ತದೆ.

ಮೂರು, ಖಾಸಗಿಯವರು ತಾವೇ ಹೆಸರಿಟ್ಟು ಕರೆಯುವ ಇಂಟರ್ನ್‌ಶಿಪ್. ಇದರಲ್ಲಿ ಚಲೋದೂ ಇದೆ, ಕೆಟ್ಟದ್ದೂ ಇದೆ. ಬರೀ "ಇಂಟರ್ನ್" ಅಂತ ಕರೆದರೆ ಇಷ್ಟು ಕೊಡಲೇಬೇಕು ಅನ್ನುವ ಪ್ರತ್ಯೇಕ ಕಾನೂನು ನಮ್ಮಲ್ಲಿಲ್ಲ. ಹಿಂಗಾಗಿ ಕೆಲವರು ಗುಮಾಸ್ತನ ಕೆಲಸ, ಸೇಲ್ಸ್ ಕೆಲಸ ಎಲ್ಲ ಮಾಡಿಸಿಕೊಂಡು "ಕಲಿಯೋಕೆ ಬಂದೀರಿ" ಅಂತ ಕೈ ತೊಳೆದುಕೊಳ್ಳುತ್ತಾರೆ. ಆರು ತಿಂಗಳಾದ ಮೇಲೆ ಇವರನ್ನು ಕಳಿಸಿ ಮುಂದಿನ ತಂಡ ಕರೆಸುತ್ತಾರೆ.

ಇನ್ನೊಂದು ನೆನಪಿಡಿ: ಈ ಮೂರರಲ್ಲಿ ಯಾವುದೂ ಕಾಯಂ ನೌಕರಿಯ ಖಾತ್ರಿ ಅಲ್ಲ. ಕಾಯ್ದೆಯಡಿ ಅಪ್ರೆಂಟಿಸ್ ಆದವರಿಗೂ ಅವಧಿ ಮುಗಿದ ಮೇಲೆ ನೌಕರಿ ಕೊಡಲೇಬೇಕು ಅಂತ ಇಲ್ಲ. ಕಲಿಕೆ, ಕೈಯಲ್ಲಿ ಒಂದಿಷ್ಟು ರೊಕ್ಕ, ನಾಲ್ಕು ಜನರ ಪರಿಚಯ, ಇಷ್ಟು ಸಿಕ್ಕರೆ ಅದು ಗೆದ್ದಂತೆ.

ಪುಕ್ಕಟೆ ಕೆಲಸಕ್ಕೆ ಎಷ್ಟು ಚೀಲ ಗೋವಿನಜೋಳ?

ಪಗಾರ ಇಲ್ಲದ ಇಂಟರ್ನ್‌ಶಿಪ್ ಪುಕ್ಕಟೆ ಅಲ್ಲ. ಅದಕ್ಕೆ ಹೊಲ ರೊಕ್ಕ ಕಟ್ಟುತ್ತದೆ. ಒಂದು ಲೆಕ್ಕ ಹಾಕೋಣ. ಬೆಂಗಳೂರಲ್ಲಿ ಪಿಜಿ ರೂಮು, ಊಟ ಸೇರಿ ತಿಂಗಳಿಗೆ 8,000 ಅಂತ ಹಿಡಿರಿ. ಬಸ್ಸು, ಫೋನು, ಚಹಾ, ಊರಿಗೆ ಒಂದು ಸಲ ಬಂದು ಹೋಗೋದು ಸೇರಿ 2,000. ತಿಂಗಳಿಗೆ 10,000, ಆರು ತಿಂಗಳಿಗೆ 60,000.

2025-26ಕ್ಕೆ ಗೋವಿನಜೋಳದ ಬೆಂಬಲ ಬೆಲೆ ಕ್ವಿಂಟಲ್‌ಗೆ 2,400. ಅಂದರೆ 25 ಕ್ವಿಂಟಲ್ ಗೋವಿನಜೋಳ ಮಾರಿ ಒಬ್ಬ ಮಗನನ್ನು ಪುಕ್ಕಟೆ ದುಡಿಯಲು ಕಳಿಸಿದಂತೆ. ಮಾರುಕಟ್ಟೆಯಲ್ಲಿ 1,800ಕ್ಕೆ ಬಿಕರಿ ಆದರೆ ಅದೇ ಖರ್ಚಿಗೆ 33 ಕ್ವಿಂಟಲ್ ಬೇಕು. ಬೀಜ, ಗೊಬ್ಬರ, ಆಳಿನ ಖರ್ಚು ಕಳೆದ ಮೇಲಿನ ಲಾಭದಿಂದ ಈ 60,000 ಹೊಂದಿಸಬೇಕು ಅಂದರೆ ಎಷ್ಟು ಎಕರೆ ಬೆಳೆ ಬೇಕು ಅಂತ ನಿಮಗೇ ಗೊತ್ತು. ಆ ರೊಕ್ಕ ಸಾಲ ತಂದು ಕೊಟ್ಟರೆ ಬಡ್ಡಿ ಬೇರೆ.

ಪಟ್ಟಣದಲ್ಲಿ ಸ್ವಂತ ಮನೆ ಇದ್ದವರ ಮಗನಿಗೆ ಈ ಖರ್ಚಿಲ್ಲ. ಆತ ಮನೆಯಿಂದ ಡಬ್ಬಿ ಕಟ್ಟಿಕೊಂಡು ಹೋಗಿ ಆರು ತಿಂಗಳು ಕಲಿತು ಬರುತ್ತಾನೆ. ಪುಕ್ಕಟೆ ಇಂಟರ್ನ್‌ಶಿಪ್ ಹಳ್ಳಿಯ ಮಕ್ಕಳಿಗೆ ಹಾಕಿದ ಬೇಲಿ ಆಗುವುದು ಇಲ್ಲಿಯೇ. ಬುದ್ಧಿ ಕಡಿಮೆ ಇದ್ದುದಕ್ಕಲ್ಲ, ಬಾಡಿಗೆ ಕಟ್ಟಲಾಗದ್ದಕ್ಕೆ ನಮ್ಮವರು ಹಿಂದೆ ಬೀಳುತ್ತಾರೆ.

ಇದು ನಮ್ಮ ಭಾಗದ ಗೋಳು ಮಾತ್ರ ಅಲ್ಲ ಅನ್ನೋದಕ್ಕೆ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆ ನೋಡ್ರಿ. 2024ರ ಅಕ್ಟೋಬರ್ 3ರಂದು ಅದು ಪ್ರಾಯೋಗಿಕವಾಗಿ ಶುರುವಾಯಿತು. ಆಗ ದೇಶದ ದೊಡ್ಡ ಕಂಪನಿಗಳಲ್ಲಿ 12 ತಿಂಗಳು ಕೆಲಸ, ತಿಂಗಳಿಗೆ 5,000 ರೂಪಾಯಿ, ಸೇರುವಾಗ ಒಂದು ಸಲ 6,000 ಅಂತ ಇತ್ತು. ಶುರುವಾದಾಗಿನ ನಿಯಮದಂತೆ ವಯಸ್ಸು 21ರಿಂದ 24, ಕುಟುಂಬದ ವಾರ್ಷಿಕ ಆದಾಯ 8 ಲಕ್ಷದೊಳಗೆ. ಕೇಳೋಕೆ ಭಾಳ ಚಂದ. ಮೊದಲ ಸುತ್ತಿನಲ್ಲಿ ಸುಮಾರು 1.27 ಲಕ್ಷ ಅವಕಾಶ ಇದ್ದವು, 82 ಸಾವಿರ ಆಫರ್ ಹೋದವು. ಒಪ್ಪಿಕೊಂಡವರು ಸುಮಾರು 28 ಸಾವಿರ. ಕೊನೆಗೆ ಹೋಗಿ ಸೇರಿದವರು 8,700ರಷ್ಟು. ದೂರ, ಉದ್ದ ಅವಧಿ, ಬೇಡದ ಕೆಲಸ ಇವೇ ಕಾರಣ ಅಂತ ಸಂಸತ್ತಿನಲ್ಲಿ ಸರ್ಕಾರವೇ ಹೇಳಿತು. 5,000ದಲ್ಲಿ ಬೇರೆ ಊರಲ್ಲಿ ಬಾಡಿಗೆ ಕಟ್ಟಿ, ಊಟ ಮಾಡಿ ಇರೋದು ಹೆಂಗೆ ಅಂತ ಆ ಮಕ್ಕಳ ಮನೆಯವರೂ ಲೆಕ್ಕ ಹಾಕಿರಬೇಕು. ಯೋಜನೆ ಕೆಟ್ಟದ್ದು ಅಂತಲ್ಲ. ಮನೆಯಿಂದ ಓಡಾಡುವಷ್ಟು ಹತ್ತಿರದ ಕಂಪನಿಯಲ್ಲಿ ಜಾಗ ಸಿಕ್ಕರೆ ಅದೇ ರೊಕ್ಕ ಕೈಗೆ ಹತ್ತುತ್ತದೆ. ಅರ್ಜಿ ಹಾಕುವಾಗ ಜಿಲ್ಲೆ ಯಾವುದು ಅಂತ ಮೊದಲು ನೋಡಿ, ಕಂಪನಿಯ ಹೆಸರು ಆಮೇಲೆ.

ಇಂಟರ್ನ್‌ಶಿಪ್ ನಮ್ಮ ಹಳ್ಳಿಗೆ ಹೊಸದಲ್ಲ

ಧಾರವಾಡ ಕೃಷಿ ವಿಶ್ವವಿದ್ಯಾಲಯದ ಬಿಎಸ್ಸಿ ಕೃಷಿ ಕೊನೆಯ ವರ್ಷದ ವಿದ್ಯಾರ್ಥಿಗಳು ಹಳ್ಳಿಗೆ ಬಂದು ಉಳಿಯುವುದನ್ನು ನೀವು ನೋಡಿರಬೇಕು. ಗುಡಿ ಮುಂದೆ ಬಣ್ಣದ ಪುಡಿಯಲ್ಲಿ ಊರಿನ ನಕಾಶೆ ಬಿಡಿಸಿ, ಯಾವ ಹೊಲದಲ್ಲಿ ಏನು ಬೆಳೆ, ಎಲ್ಲಿ ಹಳ್ಳ, ಎಲ್ಲಿ ಬಾವಿ ಅಂತ ಹಿರಿಯರ ಹತ್ತಿರ ಕೇಳಿ ಬರೆದುಕೊಳ್ಳುತ್ತಾರೆ. ಬೀಜೋಪಚಾರ ಮಾಡಿ ತೋರಿಸುತ್ತಾರೆ. ಇದಕ್ಕೆ ಗ್ರಾಮೀಣ ಕೃಷಿ ಕಾರ್ಯಾನುಭವ ಅಂತ ಹೆಸರು. 2015ರ ಜುಲೈ 25ರಂದು ಕೇಂದ್ರ ಸರ್ಕಾರ ಶುರು ಮಾಡಿದ "ಸ್ಟೂಡೆಂಟ್ ರೆಡಿ" ಕಾರ್ಯಕ್ರಮದಲ್ಲಿ ಇದೂ ಒಂದು ಭಾಗ. ವಿದ್ಯಾರ್ಥಿಗಳಿಗೆ ತಿಂಗಳಿಗೆ 3,000 ರೂಪಾಯಿ ಶಿಷ್ಯವೇತನ ಅಂತ ಗೊತ್ತುಮಾಡಿದ್ದೂ ಆ ಕಾರ್ಯಕ್ರಮದಲ್ಲೇ.

ಇದರಲ್ಲೂ ಕೊರತೆ ಇವೆ. ಕೆಲವು ಕಡೆ ಫೋಟೋ, ಫ್ಲೆಕ್ಸ್‌ಗೇ ದಿನ ಹೋಗುತ್ತದೆ ಅಂತ ರೈತರು ಆಡಿಕೊಳ್ಳುವುದುಂಟು. ಆದರೂ ಇದರ ಕಟ್ಟು ಗಮನಿಸಿ. ಹುಡುಗನಿಗೆ ಒಬ್ಬ ರೈತ ಗುರು ಇದ್ದಾನೆ. ಮೇಲೆ ನೋಡಲು ಒಬ್ಬ ಪ್ರಾಧ್ಯಾಪಕರಿದ್ದಾರೆ. ಏನು ಕಲಿಯಬೇಕು ಅಂತ ಪಟ್ಟಿ ಇದೆ. ಶುರು ಯಾವತ್ತು, ಕೊನೆ ಯಾವತ್ತು ಗೊತ್ತಿದೆ. ಕೊನೆಗೆ ಪರೀಕ್ಷೆ, ಅಂಕ ಇದೆ. ಗುರು, ಪಟ್ಟಿ, ಅವಧಿ, ಪರೀಕ್ಷೆ, ಒಂದಿಷ್ಟು ರೊಕ್ಕ. ಈ ಐದು ಇದ್ದರೆ ಅದು ಇಂಟರ್ನ್‌ಶಿಪ್. ಐದರಲ್ಲಿ ಒಂದೂ ಇಲ್ಲದಿದ್ದರೆ ಅದು ಬಿಟ್ಟಿ ಚಾಕರಿ.

ಬಿಎ, ಬಿಕಾಂ ಮಕ್ಕಳಿಗೆ ಇಂಥ ವ್ಯವಸ್ಥೆಯನ್ನು ಕಾಲೇಜು ಕಟ್ಟಿಕೊಡುವುದು ಕಡಿಮೆ. ಹಿಂಗಾಗಿ ಅವರು ತಾವೇ ಹುಡುಕಿಕೊಳ್ಳಬೇಕು.

ಹತ್ತಿರ ಹುಡುಕಿ, ನಿಮ್ಮ ಬೆಳೆಯ ದಾರಿ ಹಿಡಿದು ಹುಡುಕಿ

ನನ್ನ ಸಲಹೆ ಇದು: ಮೊದಲ ಇಂಟರ್ನ್‌ಶಿಪ್‌ಗೆ ನೀವು ಬೆಳೆದ ಮಾಲು ಹೊಲದಿಂದ ಎಲ್ಲಿಗೆ ಹೋಗುತ್ತದೋ ಆ ದಾರಿ ಹಿಡಿದು ಹೋಗಿ. ಆ ದಾರಿಯ ಅರ್ಧ ವಿದ್ಯೆ ರೈತರ ಮಕ್ಕಳಿಗೆ ಆಗಲೇ ಬಂದಿರುತ್ತದೆ. ಹತ್ತಿಯ ಎಳೆ ಕೈಯಲ್ಲಿ ಹಿಡಿದು ನೋಡೋದು, ಹೆಸರಿನ ತೇವ ಹಲ್ಲಲ್ಲಿ ಕಡಿದು ಹೇಳೋದು, ಬ್ಯಾಡಗಿ ಮೆಣಸಿನಕಾಯಿಯ ಬಣ್ಣ ನೋಡಿ ದರ ಅಂದಾಜು ಮಾಡೋದು ಪಟ್ಟಣದ ಹುಡುಗನಿಗೆ ಎರಡು ವರ್ಷದ ಪಾಠ.

ಬಿಕಾಂ ಆದವರು ಹುಬ್ಬಳ್ಳಿ ಅಮರಗೋಳ ಎಪಿಎಂಸಿಯ ಅಡತಿ ಅಂಗಡಿ, ಗೋದಾಮು, ಜಿನ್ನಿಂಗ್ ಗಿರಣಿ, ರೈತ ಉತ್ಪಾದಕ ಕಂಪನಿಗಳಲ್ಲಿ ಕೇಳಿ. ಲೆಕ್ಕ, ಜಿಎಸ್‌ಟಿ, ಆನ್‌ಲೈನ್ ಟೆಂಡರ್, ಗೋದಾಮಿನ ರಸೀದಿ ಮೇಲೆ ಸಾಲ ಹೇಗೆ ಸಿಗುತ್ತದೆ, ಇವನ್ನೆಲ್ಲ ಮೂರು ತಿಂಗಳಲ್ಲಿ ಕೈಯಾರೆ ಕಲಿಯಬಹುದು.

ಬಿಎಸ್ಸಿಯಲ್ಲಿ ರಸಾಯನಶಾಸ್ತ್ರ, ಸಸ್ಯಶಾಸ್ತ್ರ ಅಥವಾ ಪ್ರಾಣಿಶಾಸ್ತ್ರ ಓದಿದವರಿಗೆ ಒಂದು ವಿಷಯ ಗೊತ್ತಿರಲಿ. ಕೀಟನಾಶಕ ಮಾರುವ ಲೈಸೆನ್ಸ್‌ಗೆ ಕೃಷಿ ಪದವಿಯೇ ಬೇಕು ಅಂತಿಲ್ಲ, ಈ ವಿಷಯಗಳಿದ್ದ ವಿಜ್ಞಾನ ಪದವಿಯೂ ನಡೆಯುತ್ತದೆ. ಅಂಥವರು ಒಳ್ಳೆ ಹೆಸರಿರುವ ಬೀಜ-ಗೊಬ್ಬರದ ಅಂಗಡಿಯಲ್ಲಿ ಒಂದು ಮುಂಗಾರಿ ಹಂಗಾಮು ಕೆಲಸ ಮಾಡಿದರೆ ಸ್ವಂತ ಅಂಗಡಿಯ ದಾರಿ ಕಾಣುತ್ತದೆ. ಯಾವ ಔಷಧ ಯಾವ ಹುಳಕ್ಕೆ, ಉದ್ರಿ ಹೇಗೆ ವಸೂಲು ಆಗುತ್ತದೆ, ಮಾಲು ಉಳಿದರೆ ಏನು ಮಾಡಬೇಕು, ಇದನ್ನು ಯಾವ ಪುಸ್ತಕವೂ ಕಲಿಸೋದಿಲ್ಲ.

ಕೃಷಿ ಪದವೀಧರರಿಗೆ 2002ರಿಂದ ನಡೆದ ಅಗ್ರಿ ಕ್ಲಿನಿಕ್ ಮತ್ತು ಅಗ್ರಿ ಬಿಸಿನೆಸ್ ಸೆಂಟರ್ ಯೋಜನೆ ಇದೆ. 45 ದಿನ ಉಚಿತ ವಸತಿ ತರಬೇತಿ, ಆಮೇಲೆ ಬ್ಯಾಂಕ್ ಸಾಲಕ್ಕೆ ಸಾಮಾನ್ಯರಿಗೆ ಶೇ 36, ಮಹಿಳೆಯರಿಗೆ ಮತ್ತು ಪರಿಶಿಷ್ಟರಿಗೆ ಶೇ 44 ಸಹಾಯಧನ. ಸ್ವಂತ ಉದ್ಯೋಗದ ಮನಸ್ಸಿರುವ ಬೇರೆ ಪದವೀಧರರಿಗೆ ಧಾರವಾಡದಲ್ಲಿ ರುಡ್‌ಸೆಟ್ ಸಂಸ್ಥೆ ಇದೆ. 1982ರಲ್ಲಿ ಉಜಿರೆಯಲ್ಲಿ ಶುರುವಾದ ಸಂಸ್ಥೆ ಅದು, ಊಟ-ವಸತಿ ಸಮೇತ ತರಬೇತಿ ಉಚಿತ.

ಐಟಿಐ ಆದವರು ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪ್, ವಾಯವ್ಯ ಸಾರಿಗೆ ಸಂಸ್ಥೆಯ ಅಪ್ರೆಂಟಿಸ್ ಪ್ರಕಟಣೆಗಳನ್ನು ಬಿಡದೆ ನೋಡಬೇಕು. ಪದವೀಧರರು ಕೇಂದ್ರ ಸರ್ಕಾರದ ರಾಷ್ಟ್ರೀಯ ಅಪ್ರೆಂಟಿಸ್ ತರಬೇತಿ ಯೋಜನೆಯಲ್ಲಿ, ಅಂದರೆ ಎನ್‌ಎಟಿಎಸ್‌ನಲ್ಲಿ ಹೆಸರು ನೋಂದಾಯಿಸಿ, ಧಾರವಾಡ, ಹುಬ್ಬಳ್ಳಿಯ ಕೈಗಾರಿಕಾ ಪ್ರದೇಶದ ಸಂಸ್ಥೆಗಳನ್ನು ಹುಡುಕಬೇಕು.

ಹತ್ತಿರದ ಲೆಕ್ಕವನ್ನೂ ನೋಡ್ರಿ. ಮನೆಯ ಊಟ, ಬಸ್ಸು, ಚಹಾ ಸೇರಿ ತಿಂಗಳಿಗೆ 2,000 ಅಂದರೂ ಆರು ತಿಂಗಳಿಗೆ 12,000. ಬೆಂಬಲ ಬೆಲೆಯಲ್ಲಿ 5 ಕ್ವಿಂಟಲ್ ಗೋವಿನಜೋಳ. 25 ಎಲ್ಲಿ, 5 ಎಲ್ಲಿ? ಹೆಣ್ಣುಮಕ್ಕಳಿಗೆ ಈ ಲೆಕ್ಕ ಇನ್ನೂ ಹಗುರ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಸರ್ಕಾರಿ ಬಸ್ಸಿನ ಪ್ರಯಾಣ ಅವರಿಗೆ ಉಚಿತ. "ಬೆಂಗಳೂರಿಗೆ ಕಳ್ಸಾಕ ಆಗೂದಿಲ್ಲ" ಅಂತ ಡಿಗ್ರಿ ಮುಗಿದ ಮಗಳನ್ನು ಮನೆಯಲ್ಲಿ ಕೂರಿಸುವವರು ಕಲಘಟಗಿಗೆ, ಹುಬ್ಬಳ್ಳಿಗೆ ಕಳಿಸಲು ಯಾಕೆ ಹಿಂಜರಿಯಬೇಕು? ಒಂದು ವರ್ಷ ಹೊರಗೆ ದುಡಿದು ಬಂದ ಹೆಣ್ಣುಮಗಳು ಮುಂದೆ ಎಲ್ಲೇ ಹೋದರೂ ತನ್ನ ಕಾಲ ಮೇಲೆ ನಿಲ್ಲುತ್ತಾಳೆ.

ಯುವನಿಧಿ ಹೋಗುತ್ತದೆ ಅನ್ನುವವರಿಗೆ

2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಶುರುವಾದ ಯುವನಿಧಿಯಲ್ಲಿ ಪಾಸಾಗಿ 180 ದಿನ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500, ಎರಡು ವರ್ಷದವರೆಗೆ ಸಿಗುತ್ತದೆ. ಅಪ್ರೆಂಟಿಸ್ ಆಗಿ ವೇತನ ತಗೊಳ್ಳುವವರಿಗೆ ಇದು ಸಿಗೋದಿಲ್ಲ. ಅದಕ್ಕೇ ಕೆಲವರು "ಸುಮ್ನ ಬರೂ ರೊಕ್ಕ ಯಾಕ ಬಿಡಬೇಕು" ಅಂತ ಬಂದ ಅವಕಾಶ ಬಿಡುತ್ತಾರೆ.

ಇದು ನಷ್ಟದ ವ್ಯಾಪಾರ. ಯುವನಿಧಿ ಬರಗಾಲದ ಮೇವಿನಂತೆ, ದನ ಸಾಯದಂತೆ ಕಾಯುತ್ತದೆ. ಹಸಿ ಮೇವು ಎದುರಿಗೆ ಬಂದಾಗಲೂ ಒಣ ಹುಲ್ಲಿಗೇ ಕಟ್ಟಿ ಹಾಕಬಾರದು. ಎರಡು ವರ್ಷ ಕಳೆದ ಮೇಲೆ ಹಣ ನಿಲ್ಲುತ್ತದೆ, ವಯಸ್ಸು ಮುಂದೆ ಹೋಗಿರುತ್ತದೆ, ಹೇಳಿಕೊಳ್ಳಲು ಒಂದು ದಿನದ ಅನುಭವವೂ ಇರೋದಿಲ್ಲ.

"ಅನುಭವವೇ ಪಗಾರ" ಅನ್ನುವವರಿಗೆ

ಒಂದು ವಾದ ಇದೆ: ಕಲಿಯುವ ಹುಡುಗನಿಂದ ಸಂಸ್ಥೆಗೆ ಲಾಭಕ್ಕಿಂತ ತ್ರಾಸೇ ಹೆಚ್ಚು, ಅಂಥವನಿಗೆ ರೊಕ್ಕ ಯಾಕೆ ಕೊಡಬೇಕು ಅಂತ. ಇದರಲ್ಲಿ ಅರ್ಧ ಸತ್ಯ ಇದೆ. ಮೊದಲ ತಿಂಗಳು ಹೊಸಬನಿಂದ ಕೆಲಸ ಕೆಡುವುದೇ ಹೆಚ್ಚು. ರಂಟೆ ಹೊಡೆಯಲು ಹೊಸದಾಗಿ ನಿಂತವನ ಸಾಲು ನೆಟ್ಟಗೆ ಇರೋದಿಲ್ಲ. ಆದ್ದರಿಂದ ಒಂದು ತಿಂಗಳು, ಹತ್ತಿರದಲ್ಲಿ, ಬಸ್ಸಿನ ಖರ್ಚು ಮಾತ್ರ ಕೊಟ್ಟು ಕಲಿಸುತ್ತೇವೆ ಅಂದರೆ ಒಪ್ಪಬಹುದು. ಆದರೆ ಮೂರನೇ ತಿಂಗಳಿಗೆ ಆತ ಬಿಲ್ಲು ಬರೆಯುತ್ತಾನೆ, ಗಿರಾಕಿ ಜೊತೆ ಮಾತಾಡುತ್ತಾನೆ, ಮಾಲು ಎಣಿಸುತ್ತಾನೆ. ಆಗಲೂ ಪಗಾರ ಇಲ್ಲ ಅಂದರೆ ಅಲ್ಲಿ ಕಲಿಕೆ ಮುಗಿದಿದೆ, ದುಡಿಸಿಕೊಳ್ಳುವುದು ಶುರುವಾಗಿದೆ.

ಇನ್ನು ಇಂಟರ್ನ್‌ಶಿಪ್ ಕೊಡಲು ನಿಮ್ಮಿಂದಲೇ "ನೋಂದಣಿ ಶುಲ್ಕ", "ಡಿಪಾಸಿಟ್", "ತರಬೇತಿ ಫೀ" ಕೇಳುವವರ ಮಾತು. ಅವರ ಜೊತೆ ಎರಡನೇ ಮಾತೇ ಬೇಡ. ಕೂಲಿಗೆ ಕರೆದವನು ಆಳಿನಿಂದಲೇ ರೊಕ್ಕ ಕೇಳಿದ್ದನ್ನು ಎಲ್ಲಾದರೂ ಕಂಡೀರೇನು?

ಹೂಂ ಅನ್ನುವ ಮೊದಲು ಕೇಳಬೇಕಾದ್ದು

1. ದಿನಾಲು ನಾನು ಮಾಡುವ ಕೆಲಸ ಏನು? ಕಲಿಸುವವರು ಯಾರು, ಅವರ ಹೆಸರು, ಹುದ್ದೆ ಏನು?
2. ಎಷ್ಟು ತಿಂಗಳು? ದಿನಕ್ಕೆ ಎಷ್ಟು ತಾಸು? ವಾರದ ರಜೆ ಯಾವತ್ತು?
3. ಶಿಷ್ಯವೇತನ ಎಷ್ಟು, ಯಾವ ತಾರೀಖಿಗೆ, ಬ್ಯಾಂಕ್ ಖಾತೆಗೆ ಬರುತ್ತದೆಯೋ ಇಲ್ಲವೋ?
4. ಹೋದ ವರ್ಷ ಇಲ್ಲಿ ಇಂಟರ್ನ್ ಆಗಿದ್ದವರಲ್ಲಿ ಎಷ್ಟು ಮಂದಿಗೆ ನೌಕರಿ ಸಿಕ್ಕಿತು? ಅವರಲ್ಲಿ ಒಬ್ಬರ ಜೊತೆ ಮಾತಾಡಬಹುದೇ?
5. ನಡುವೆ ಬಿಟ್ಟರೆ ಏನು? ದಂಡ ಕಟ್ಟಬೇಕೇ? ಮೂಲ ಅಂಕಪಟ್ಟಿ ಇಟ್ಟುಕೊಳ್ಳುತ್ತಾರೆಯೇ?
6. ಕೊನೆಗೆ ಕೊಡುವ ಪ್ರಮಾಣಪತ್ರದಲ್ಲಿ ಮಾಡಿದ ಕೆಲಸದ ವಿವರ ಬರೆಯುತ್ತಾರೆಯೇ?

ಉತ್ತರ ಕಾಗದದ ಮೇಲೆ ಅಥವಾ ಇಮೇಲ್‌ನಲ್ಲಿ ಪಡೆಯಿರಿ. ಬಾಯಿ ಮಾತಿನ ಲಾವಣಿ ಎಂಥ ಜಗಳ ಹಚ್ಚುತ್ತದೆ ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಮೂಲ ಅಂಕಪಟ್ಟಿ ಯಾರಿಗೂ ಕೊಡಬೇಡಿ, ಝೆರಾಕ್ಸ್ ಸಾಕು. ನಾಲ್ಕನೇ ಪ್ರಶ್ನೆಗೆ ಸಿಟ್ಟು ಮಾಡುವ ಕಡೆಗೆ ಹೋಗಬೇಡಿ.

ಸೇರಿದ ಮೇಲೆ ಒಂದು ಡೈರಿ ಇಡಿ. ಆ ದಿನ ಏನು ಕಲಿತೆ, ಏನು ಮಾಡಿದೆ ಅಂತ ಎರಡು ಸಾಲು ಸಾಕು. ಎರಡು ತಿಂಗಳಾದರೂ ಡೈರಿಯಲ್ಲಿ ಹೊಸ ಮಾತು ಬರುತ್ತಿಲ್ಲ ಅಂದರೆ ಮೇಲಿನವರ ಹತ್ತಿರ ಕೆಲಸ ಬದಲಿಸಿ ಕೇಳಿ. ಕೊಡದಿದ್ದರೆ ಬೇರೆ ಕಡೆ ನೋಡಿ.

ನಾವೂ ಕೊಡಬೇಕು

ಕೊನೆಯ ಮಾತು ನಮಗೇ. 2020ರ ಫೆಬ್ರುವರಿ 29ರಂದು ಕೇಂದ್ರ ಸರ್ಕಾರ 10,000 ರೈತ ಉತ್ಪಾದಕ ಸಂಸ್ಥೆ ಕಟ್ಟುವ ಯೋಜನೆ ಶುರು ಮಾಡಿತು. ಮೂರು ವರ್ಷದ ನಿರ್ವಹಣೆಗೆ ಒಂದೊಂದಕ್ಕೆ 18 ಲಕ್ಷದವರೆಗೆ ನೆರವು ಇದೆ. ನಮ್ಮ ಭಾಗದಲ್ಲೂ ಇಂಥ ಸಂಸ್ಥೆಗಳಿವೆ, ಪ್ರಾಥಮಿಕ ಕೃಷಿ ಪತ್ತಿನ ಸಂಘಗಳಿವೆ, ಹಾಲಿನ ಡೇರಿಗಳಿವೆ. ಇವುಗಳಲ್ಲಿ ಲೆಕ್ಕ ಬರೆಯೋರಿಲ್ಲ, ಆನ್‌ಲೈನ್ ಮಾರೋರಿಲ್ಲ ಅಂತ ಗೋಳಾಡುತ್ತೇವೆ. ಅದೇ ಊರಿನ ಬಿಕಾಂ ಹುಡುಗಿ ಮನೆಯಲ್ಲಿ ಕೂತಿರುತ್ತಾಳೆ.

ಪ್ರತಿ ಸಂಘ ವರ್ಷಕ್ಕೆ ಒಬ್ಬರನ್ನಾದರೂ ಆರು ತಿಂಗಳು ತಗೊಳ್ಳಲಿ. ತಿಂಗಳಿಗೆ 5,000 ಕೊಟ್ಟರೆ 30,000 ಆಯಿತು. ವಾರ್ಷಿಕ ಸಭೆಯ ಶಾಲು, ಹಾರ, ಪೆಂಡಾಲಿನ ಖರ್ಚಿನ ಪಕ್ಕದಲ್ಲಿ ಈ ಲೆಕ್ಕ ಇಟ್ಟು ನೋಡಿ. ಅವರಿಗೆ ಒಂದೇ ಕೆಲಸ ಗೊತ್ತುಮಾಡಿ: ಸದಸ್ಯರ ಹೊಲದ ಪಟ್ಟಿ ಕಂಪ್ಯೂಟರಿಗೆ ಏರಿಸುವುದು, ಇಲ್ಲವೆ ಗೋವಿನಜೋಳ ಎಲ್ಲಿ ಯಾವ ದರಕ್ಕೆ ಮಾರಿದರೆ ಬಾಡಿಗೆ ಕಳೆದು ಎಷ್ಟು ಉಳಿಯುತ್ತದೆ ಅಂತ ಲೆಕ್ಕ ಹಾಕುವುದು. ಚಹಾ ತರಿಸಲು, ಬ್ಯಾನರ್ ಕಟ್ಟಿಸಲು ಇಟ್ಟುಕೊಳ್ಳಬೇಡಿ. ಬೆಂಗಳೂರಿನವರಿಗೆ ಕೇಳುವ ಆರು ಪ್ರಶ್ನೆಗಳನ್ನು ನಮ್ಮ ಸಂಘಕ್ಕೂ ಕೇಳುವ ಹಕ್ಕು ಆ ಮಕ್ಕಳಿಗೆ ಇದೆ.

ನಿಮ್ಮ ಸಂಘದ ಮುಂದಿನ ಆಡಳಿತ ಮಂಡಳಿ ಸಭೆಯಲ್ಲಿ ಈ ವಿಷಯ ಎತ್ತಿ. ಮನೆಯಲ್ಲಿ ಡಿಗ್ರಿ ಮುಗಿಸಿದ ಮಕ್ಕಳಿದ್ದರೆ ಮೇಲಿನ ಆರು ಪ್ರಶ್ನೆ ಒಂದು ಹಾಳೆಯಲ್ಲಿ ಬರೆಸಿ ಇಡಿ. ಮುಂದಿನ ಸಲ ಫೋನ್ ಬಂದಾಗ ಆ ಹಾಳೆ ಕೈಯಲ್ಲಿ ಹಿಡಿದೇ ಮಾತಾಡಲಿ.